ಮಣೆಯ ಮೇಲಿನ ಬ್ಯಾಟರಿ

ನಮ್ಮಪ್ಪ ಪರಮಶಿವಪ್ಪನವರಿಗೆ ತಂತಿ ಎಂದರೆ ಬಡತನ, ಬ್ಯಾಟರಿ ಎಂದರೆ ಮರ್ಯಾದೆ. ಶಿಕಾರಿಪುರದಲ್ಲಿ ಮೆಕ್ಕೆಜೋಳ ಕೊಳ್ಳುವ ವ್ಯಾಪಾರಿಗಳಲ್ಲಿ ಮೊದಲು ಎಲೆಕ್ಟ್ರಾನಿಕ್ ತಕ್ಕಡಿ ತಂದವರು ತಾವೇ ಎಂದು ಈಗಲೂ ಹೇಳಿಕೊಳ್ಳುತ್ತಾರೆ. ಕೇಳುವವರು ಯಾರೂ ಸಿಗದಿದ್ದರೆ ನನಗೆ ಹೇಳುತ್ತಾರೆ. ಹಾಗಾಗಿ ನನ್ನ ರೇಸ್ ಸೈಕಲ್ಲಿಗೆ ಕೇಬಲ್ ಗೇರೋ ಬ್ಯಾಟರಿ ಗೇರೋ ಎಂಬ ಪ್ರಶ್ನೆ ಎದ್ದಾಗ ಉತ್ತರ ಮೊದಲೇ ತೀರ್ಮಾನವಾಗಿತ್ತು. ನನ್ನನ್ನು ಕೇಳಿದ್ದು ಶಾಸ್ತ್ರಕ್ಕೆ.

ನಾನು ಬಿಂದುಶ್ರೀ, ವಯಸ್ಸು ಇಪ್ಪತ್ತೆರಡು. ಇಪ್ಪತ್ತಮೂರರ ಒಳಗಿನವರ ರಾಜ್ಯ ತಂಡ ಸೇರಲು ಇದು ನನ್ನ ಕೊನೆಯ ವರ್ಷ. ಅಪ್ಪಾಜಿಯ ಕರಾರೂ ಅದಕ್ಕೇ ಹೊಂದಿಕೊಂಡಿತ್ತು. ಆಯ್ಕೆಯಾದರೆ ಸೈಕಲ್ಲು ಮುಂದುವರಿಯುತ್ತದೆ; ಆಗದಿದ್ದರೆ ದಾವಣಗೆರೆಯಿಂದ ಎರಡು ಸಲ ಬಂದು ಹೋದ ಗಂಡಿನ ಕಡೆಯವರಿಗೆ ನಾನು ಹೂಂ ಅನ್ನಬೇಕು. ಆಯ್ಕೆಯ ಓಟ ಶಿಕಾರಿಪುರದಿಂದ ಸೊರಬಕ್ಕೆ ಹೋಗಿ ವಾಪಸ್ಸು. ಮೊದಲ ಇಬ್ಬರಿಗೆ ಮಾತ್ರ ಜಾಗ.

ಸೈಕಲ್ ನಿರ್ಧರಿಸಲು ನಾನೂ ಅಪ್ಪಾಜಿಯೂ ಸೊರಬಕ್ಕೆ ಹೋಗಿದ್ದೆವು, ಉದಯನ ಅಂಗಡಿಗೆ. ನನ್ನ ಹಳೆಯ ಸೈಕಲ್ಲನ್ನು ಆರು ವರ್ಷ ಬದುಕಿಸಿಟ್ಟವನು ಅವನೇ. ಅದರ ಗೇರು ಹಾಕಿದರೆ ಟಕ್ ಎನ್ನುತ್ತಿತ್ತು. ಆ ಸದ್ದಿನಲ್ಲೇ ಕೇಬಲ್ ಎಷ್ಟು ಸಡಿಲವಾಗಿದೆ ಎಂದು ಹೇಳುವಷ್ಟು ನನಗೂ ಕಲಿಸಿದ್ದ.

"ನೋಡ್ರೀ ಪರಮಶಿವಪ್ಪನೋರೆ, ಬ್ಯಾಟರಿದು ಒಳ್ಳೇದೇ, ಇಲ್ಲ ಅನ್ನಲ್ಲ. ಬೆರಳು ತಾಗಿದ್ರೆ ಸಾಕು, ಗೇರು ಬೀಳುತ್ತೆ," ಎಂದ ಉದಯ. "ಆದ್ರೆ ಕೆಟ್ರೆ ನನ್ನ ಕೈಲಿ ಏನೂ ಆಗಲ್ಲ, ಬ್ಯಾಟರಿ ಇಲ್ದಿದ್ರೆ ಇದ್ದ ಗೇರಲ್ಲೇ ನಿಂತುಬಿಡುತ್ತೆ. ಕೇಬಲ್ಲಾದ್ರೆ ಹತ್ತು ನಿಮಿಷದ ಕೆಲಸ. ಇವಳೇ ಹಾಕ್ಕೋತಾಳೆ."

"ನೀನು ನಿನ್ನ ರಿಪೇರಿ ಕಣ್ಣಾಗ ನೋಡ್ತಿ ಉದಯ. ನನ್ ತಕ್ಕಡಿ ಹನ್ನೊಂದು ವರ್ಷ ಆತು, ಒಂದಿನ ಕೈ ಕೊಟ್ಟಿಲ್ಲ."

"ನಂಗೆ ಕೇಬಲ್ಲೇ ಸಾಕು ಅಪ್ಪಾಜಿ. ಕೈಗೆ ಗೊತ್ತಾಗುತ್ತೆ," ಎಂದೆ.

"ಮೊದ್ಲು ಜೋಳನೂ ಕೈ ಅಂದಾಜಿಗೇ ತೂಗ್ತಿದ್ರು ಅವ್ವ. ಎಷ್ಟು ಮೋಸ ಆಗ್ತಿತ್ತು ಗೊತ್ತೇನು?"

ಜೋಳಕ್ಕೂ ನನ್ನ ಕೈಗೂ ಏನು ಸಂಬಂಧ ಎಂದು ಕೇಳಲಿಲ್ಲ. ಕೇಳಿದರೆ ಸಂಬಂಧ ಹೇಳುತ್ತಿದ್ದರು. ಹೊಸ ಸೈಕಲ್ ಬಂತು. ಹಳೆಯದನ್ನು ಉದಯ ಇಟ್ಟುಕೊಂಡು, ಜಡೆ ಊರಿನ ರಮ್ಯಳಿಗೆ ಮಾರಿದ. ಅವಳೂ ಇದೇ ಆಯ್ಕೆಗೆ ತಯಾರಾಗುತ್ತಿದ್ದವಳು. ಸುಳ್ಳೇಕೆ ಹೇಳಲಿ, ಹೊಸದು ಬೆಣ್ಣೆಯಲ್ಲಿ ಕೂದಲು ಎಳೆದ ಹಾಗೆ ಓಡುತ್ತಿತ್ತು. ಒಂದು ವಾರದಲ್ಲಿ ನನಗೂ ರುಚಿ ಹತ್ತಿತು, ಅಪ್ಪಾಜಿ ಹೇಳಿದ್ದೇ ಸರಿಯೇನೋ ಎಂದೂ ಅನ್ನಿಸಿತು. ಅದನ್ನು ನೆನೆದರೆ ಈಗ ಮೈ ಉರಿಯುತ್ತದೆ.

ಓಟವನ್ನು ವಿಜಯದಶಮಿಯ ಬೆಳಿಗ್ಗೆ ಇಟ್ಟಿದ್ದರು. ಜೋಳದ ಸುಗ್ಗಿಯಲ್ಲಿ ಲಾರಿಗಳ ಕಾಟವಿಲ್ಲದೆ ರಸ್ತೆ ಸಿಗುವುದು ಆ ದಿನ ಮಾತ್ರ. ಹಿಂದಿನ ದಿನ ಆಯುಧ ಪೂಜೆ. ನಮ್ಮಲ್ಲಿ ವಾಹನಗಳಿಗೆ ಬಾಗಿಲಲ್ಲೇ ಪೂಜೆ, ನಿಂಬೆಹಣ್ಣಿನ ಮೇಲೆ ಹತ್ತಿಸಿದರೆ ಮುಗಿಯಿತು. ಅಂಗಡಿಯ ಸಾಮಾನಿನ ಲೆಕ್ಕ ಬೇರೆ. ತಕ್ಕಡಿ, ಚೀಲ ಹೊಲಿಯುವ ದಬ್ಬಣ, ಕತ್ತರಿ ಎಲ್ಲವೂ ದೇವರ ಮುಂದೆ ಮಣೆಯ ಮೇಲೆ ಕೂರುತ್ತವೆ. ಮಾರನೆಯ ದಿನ ಸಂಜೆ ಬನ್ನಿ ಹಂಚುವವರೆಗೆ ಅವನ್ನು ಯಾರೂ ಮುಟ್ಟುವಂತಿಲ್ಲ. ಮುಟ್ಟಿದರೆ ವರ್ಷದ ವ್ಯಾಪಾರ ಕುಂಟುತ್ತದೆ ಎಂಬುದು ನಮ್ಮ ಮುತ್ತಜ್ಜನ ಕಾಲದ ಮಾತು.

ಆ ಮಧ್ಯಾಹ್ನ ನಾನು ಓಟದ ನಂಬರು ತರಲು ಬಸ್ಸಿನಲ್ಲಿ ಶಿರಾಳಕೊಪ್ಪಕ್ಕೆ ಹೋಗಿದ್ದೆ. ವಾಪಸ್ಸು ಬರುವಷ್ಟರಲ್ಲಿ ಪೂಜೆ ಮುಗಿದು, ಸೈಕಲ್ಲು ಚೆಂಡುಹೂವಿನ ಹಾರ ಹಾಕಿಕೊಂಡು ಬಾಗಿಲಲ್ಲಿ ನಿಂತಿತ್ತು. ಉಂಡು ಬೇಗ ಮಲಗಿದೆ.

ಬೆಳಿಗ್ಗೆ ಐದಕ್ಕೆ ಹಾರ ತೆಗೆದು ನೋಡಿದರೆ ಮುಂದಿನ ಗೇರಿನದೊಂದು, ಹಿಂದಿನದೊಂದು, ಎರಡು ಬ್ಯಾಟರಿಗಳೂ ಜಾಗದಲ್ಲಿರಲಿಲ್ಲ. ಒಳಗೆ ಓಡಿದೆ. ಮಣೆಯ ಮೇಲೆ, ತಕ್ಕಡಿಯ ಪಕ್ಕದಲ್ಲಿ, ವಿಭೂತಿ ಬಳಿಸಿಕೊಂಡು ಕುಂಕುಮ ಇಡಿಸಿಕೊಂಡು ಜೋಡಿಯಾಗಿ ಕೂತಿದ್ದವು. ಕೈ ಚಾಚಿದೆ.

"ಎತ್ತಬ್ಯಾಡ," ಅಪ್ಪಾಜಿ ಹಿಂದೆಯೇ ನಿಂತಿದ್ದರು.

"ಅಪ್ಪಾಜಿ, ಒಂದೂವರೆ ತಾಸಿಗೆ ಓಟ ಐತಿ."

"ಸೈಕಲ್ ತೊಳಿಯಾಕ ಬಿಚ್ಚಿದ್ದೆ, ನೀರು ತಾಗಬಾರ್ದಲ್ಲ. ಇದೂ ಮಗಳ ಆಯುಧನೇ ಅಂತ ಇಟ್ಟೆ. ಪೂಜೆಗೆ ಕೂತಿದ್ದನ್ನ ಈಗ ಹೆಂಗ ಎತ್ತೋದು? ಒಂದು ಎತ್ತಿದ್ರೂ ಪೂರ್ತಿ ಮಣೆ ಎತ್ತಿದಂಗೆ."

ಅಮ್ಮನ ಕಡೆ ನೋಡಿದೆ. ಇಪ್ಪತ್ತೈದು ವರ್ಷದಿಂದ ಈ ಮನೆಯಲ್ಲಿ ನಮ್ಮಮ್ಮ ನೀಲಾಂಬಿಕ ಮಾತಾಡಬೇಕಾದ ಹೊತ್ತಿಗೆ ಸರಿಯಾಗಿ ಹಾಲು ಉಕ್ಕುತ್ತದೆ. ಆವತ್ತೂ ಉಕ್ಕಿತು, ಅಮ್ಮ ಅಡುಗೆಮನೆಗೆ ಓಡಿದರು.

"ದೇವರು ನಿನ್ನ ಕೈ ಬಿಡಂಗಿಲ್ಲ. ತುಳಿಯೋದು ಕಾಲಲ್ವೇನು," ಎಂದರು ಅಪ್ಪಾಜಿ. ಚಾಚಿದ ಕೈ ಹಿಂದಕ್ಕೆ ಎಳೆದುಕೊಂಡೆ. ಯಾರೂ ನನ್ನ ಕೈ ಹಿಡಿದಿರಲಿಲ್ಲ. ಆ ತಪ್ಪು ಪೂರ್ತಿ ನನ್ನದು.

ಹೊರಗೆ ಬಂದು ನೋಡಿದರೆ ಗೇರು ಎಲ್ಲಕ್ಕಿಂತ ಭಾರದ್ದರಲ್ಲಿ ನಿಂತಿತ್ತು. ತೊಳೆಯುವ ಮೊದಲು ಪೂಜೆಗೆ ಬಂದವರಿಗೆಲ್ಲ ಅಪ್ಪಾಜಿ ಹಿಂದಿನ ಚಕ್ರ ಎತ್ತಿ, ತಿರುಗಿಸಿ, ಗುಂಡಿ ಒತ್ತಿ ತೋರಿಸಿದ್ದರಂತೆ. ಕಡೆಯ ಸಲ ಒತ್ತಿದ್ದು ಅಲ್ಲಿಗೆ ಬಂದು ನಿಂತಿತ್ತು.

ಸಪಾಟಿನಲ್ಲಿ ಹೇಗೋ ಮುಂದಿನವರ ಜೊತೆಗೇ ಇದ್ದೆ. ಭಾರದ ಗೇರಿನಲ್ಲಿ ವೇಗ ಇರುತ್ತದೆ, ಇಳಿಜಾರಿನಲ್ಲಿ ಮುಂದೂ ಹೋದೆ. ಶಿರಾಳಕೊಪ್ಪ ದಾಟಿ ಸೊರಬದ ಕಡೆ ಏರು ಶುರುವಾಯಿತು. ಎದ್ದು ನಿಂತು ತುಳಿದೆ. ಮೊಣಕಾಲಲ್ಲಿ ಬೆಂಕಿ ಹೊತ್ತಿಕೊಂಡಿತು. ಬೆರಳು ಅಭ್ಯಾಸಬಲದಿಂದ ಗುಂಡಿ ಒತ್ತುತ್ತಲೇ ಇತ್ತು, ಸತ್ತವರ ಕಿವಿಯಲ್ಲಿ ಕೂಗಿದ ಹಾಗೆ.

ಆಗ ಹಿಂದಿನಿಂದ ಆ ಸದ್ದು ಕೇಳಿತು. ಟಕ್. ತಿರುಗಿ ನೋಡಬೇಕಾಗಿರಲಿಲ್ಲ, ಅದು ನನ್ನ ಸೈಕಲ್ಲು. ಕೇಬಲ್ಲು ಸರಿಯಾಗಿ ಬಿಗಿದಿತ್ತು, ಉದಯನ ಕೈಯದ್ದು. ಇನ್ನೊಂದು ಟಕ್, ಇನ್ನೂ ಹಗುರದ ಗೇರು. ರಮ್ಯ ಪಕ್ಕಕ್ಕೆ ಬಂದಳು.

"ಗೇರ್ ಇಳ್ಸೇ ಬಿಂದು, ಕಾಲು ಹೋಗುತ್ತೆ," ಎಂದಳು. ಪಾಪ, ಒಳ್ಳೆಯ ಮನಸ್ಸಿನಿಂದಲೇ ಹೇಳಿದಳು.

"ಪೂಜೆಗೆ ಕೂತೈತಿ," ಎಂದೆ. ಅವಳಿಗೆ ಅರ್ಥವಾಗಿರಲಾರದು. ಅಷ್ಟರಲ್ಲಿ ಮುಂದೆ ಹೋಗಿಬಿಟ್ಟಿದ್ದಳು.

ಅವಳು ಎರಡನೆಯವಳಾಗಿ ಆಯ್ಕೆಯಾದಳು. ನಾನು ಒಂಬತ್ತನೆಯವಳು. ಅವಳ ಮೇಲೆ ನನಗೆ ಸಿಟ್ಟಿಲ್ಲ ಎಂದು ನೂರು ಸಲ ಹೇಳಿಕೊಂಡಿದ್ದೇನೆ. ಇದೆ.

ಮನೆಗೆ ಬಂದಾಗ ಹತ್ತು ಗಂಟೆ ದಾಟಿತ್ತು. ನಮ್ಮ ಮನೆಯ ಮುಂಭಾಗವೇ ಅಂಗಡಿ. ಬಾಗಿಲು ಅರ್ಧ ತೆರೆದಿತ್ತು, ಮುಂದೆ ಜೋಳದ ಚೀಲ ತುಂಬಿದ ಟ್ರ್ಯಾಕ್ಟರ್ ನಿಂತಿತ್ತು. ತಾಳಗುಂದದ ಮಾಳೇಶ ತಂದದ್ದು. ಅಪ್ಪಾಜಿ ಚೀಲ ತೂಗುತ್ತಿದ್ದರು. ಮಣೆಯ ಮೇಲಿದ್ದ ಅದೇ ತಕ್ಕಡಿ, ವಿಭೂತಿಯ ಮೂರು ಗೆರೆ ಹಾಗೇ ಇತ್ತು. ಕುಂಕುಮದ ಮೇಲೆ ಜೋಳದ ಸಿಪ್ಪೆ ಅಂಟಿತ್ತು.

ನಾನು ಸೈಕಲ್ ಹಿಡಿದು ಅಲ್ಲೇ ನಿಂತೆ. ಅಪ್ಪಾಜಿ ನನ್ನ ಮುಖ ನೋಡಲಿಲ್ಲ, ಅಂಕಿ ನೋಡಿದರು.

"ಬ್ಯಾಡ ಅಂದ್ರ ಮಾಳೇಶ ಬ್ಯಾರೆ ಕಡೆ ಹಾಕಿ ಹೋಗ್ತಿದ್ದ," ಎಂದರು ಮುಂದಿನ ಚೀಲ ಎಳೆಯುತ್ತ. "ಲಕ್ಷ್ಮಿ ಬಾಗಿಲಿಗೆ ಬಂದಾಗ ಒಲ್ಲೆ ಅನ್ನಾಕ ಆಗ್ತೈತೇನವ್ವ? ದೇವರಿಗೆ ಕೈ ಮುಗಿದೇ ಎತ್ತೀನಿ."

ಕೈ ಮುಗಿದರೆ ಎತ್ತಬಹುದು ಎಂಬುದು ನನಗೆ ಗೊತ್ತಿರಲಿಲ್ಲ. ನನಗೂ ಎರಡು ಕೈ ಇದ್ದವು.

ಸಂಜೆಯ ಹೊತ್ತಿಗೆ ತಕ್ಕಡಿ ಒರೆಸಿಕೊಂಡು ಮರಳಿ ಮಣೆ ಸೇರಿತ್ತು, ಏನೂ ಆಗದವರ ಹಾಗೆ. ಅಪ್ಪಾಜಿ ಮಂಗಳಾರತಿ ಮಾಡಿ ಒಂದೊಂದೇ ಸಾಮಾನು ಇಳಿಸಿದರು. ನನ್ನನ್ನು ಕರೆದು ಒಂದು ಕೈಗೆ ಬನ್ನಿ ಎಲೆ ಕೊಟ್ಟು, ಇನ್ನೊಂದು ಕೈಗೆ ಬ್ಯಾಟರಿ ಚಾಚಿದರು.

"ಬನ್ನಿ ತಗೊಂಡು ಬಂಗಾರದಂಗಿರಾಣ ಅವ್ವ. ಇನ್ನು ಇದನ್ನ ಹಾಕ್ಕೋಬಹುದು."

ಬನ್ನಿ ತೆಗೆದುಕೊಂಡೆ, ಕಾಲು ಮುಟ್ಟಿ ನಮಸ್ಕಾರ ಮಾಡಿದೆ. ಬ್ಯಾಟರಿ ತೆಗೆದುಕೊಳ್ಳಲಿಲ್ಲ.

"ಅಲ್ಲೇ ಇರ್ಲಿ ಅಪ್ಪಾಜಿ. ವ್ಯಾಪಾರಕ್ಕಾದ್ರೆ ಎತ್ತಬಹುದು. ನಂದೇನು ವ್ಯಾಪಾರ ಐತಿ."

ಅವರ ಚಾಚಿದ ಕೈ ಹಾಗೇ ಇತ್ತು. ಅಡುಗೆಮನೆಯಿಂದ ಅಮ್ಮ ಹೊರಗೆ ಬಂದರು. ಈ ಸಲ ಹಾಲು ಉಕ್ಕಲಿಲ್ಲ.

"ದಾವಣಗೆರೆಯೋರು ಫೋನ್ ಮಾಡಿದ್ರು. ಭಾನುವಾರ ಬರಬೌದಾ ಅಂತ ಕೇಳ್ತಾರೆ," ಎಂದರು ನೆಲ ನೋಡುತ್ತ.

"ಹೂಂ ಅನ್ನಮ್ಮ," ಎಂದೆ. "ಅವರು ಬರೋ ಹೊತ್ತಿಗೆ ತಕ್ಕಡಿ ಮಾತ್ರ ಒರೆಸಿಡಿ, ಇನ್ನೊಂದು ವ್ಯಾಪಾರ ಐತಿ."