ಗುಬ್ಬಿಗೆ ಪೋಷಕರು

"ನೀವೆಲ್ಲ ಸ್ವಲ್ಪ ಹೊರಗೆ ಕೂತಿರಿ. ಇವರ ಹತ್ರ ಹತ್ತು ನಿಮಿಷ ಮಾತಾಡ್ಬೇಕು," ಎಂದು ವಕೀಲರು ತಂಗಿಯತ್ತ ಕೈ ತೋರಿಸಿದರು.

ಅಕ್ಕ ಎದ್ದಳು. "ಮಾತಾಡಿ ಸರ್. ಆದ್ರೆ ಇವಳು ಶುರು ಮಾಡಿದ್ರೆ ಹತ್ತು ನಿಮಿಷಕ್ಕೆಲ್ಲ ನಿಲ್ಲೋಳಲ್ಲ," ಎಂದು ತಂಗಿಯ ತಲೆಯನ್ನು ಮೆಲ್ಲನೆ ಮೊಟಕಿ ಹೊರಟಳು. ಅವಳ ಗಂಡ ಮಗಳ ಗಾಲಿಕುರ್ಚಿಯನ್ನು ಹಿಂದಕ್ಕೆಳೆದು, ಹೊಸ್ತಿಲಿಗೆ ಚಕ್ರ ತಾಗದಂತೆ ತುಸು ಎತ್ತಿ ದಾಟಿಸಿದರು. ಮಗಳನ್ನು ಎಲ್ಲರೂ ಗುಬ್ಬಿ ಎನ್ನುತ್ತಿದ್ದರು. ಇಪ್ಪತ್ತಮೂರು ತುಂಬಿತ್ತು. ಮಾತು ಬರುತ್ತಿರಲಿಲ್ಲ, ಉಣ್ಣಿಸಬೇಕು, ಸ್ನಾನ ಮಾಡಿಸಬೇಕು, ರಾತ್ರಿ ಎರಡು ಸಲ ಮಗ್ಗುಲು ಬದಲಿಸಬೇಕು. ತಂದೆತಾಯಿ ಇಬ್ಬರೂ ಹೋದ ಮೇಲೆ ಇದನ್ನೆಲ್ಲ ಮಾಡುವವರು ಯಾರು ಎಂಬಲ್ಲಿ, ಉಯಿಲಿನ ನಾಲ್ಕನೆಯ ಪುಟದಲ್ಲಿ, ಪೋಷಕಿಯೆಂದು ಈ ಚಿಕ್ಕಮ್ಮನ ಹೆಸರು ಅಚ್ಚಾಗಿತ್ತು. ಅವಳ ಒಪ್ಪಿಗೆಯ ಸಹಿಯೊಂದು ಬಾಕಿ.

ವಕೀಲರು ಬಾಗಿಲು ಹಾಕಿ ಬಂದು ಕುರ್ಚಿಯಲ್ಲಿ ಕುಸಿದರು. ಬೆಳಗಿನಿಂದ ಇದು ನಾಲ್ಕನೆಯ ಕುಟುಂಬ. ತೆರಿಗೆ ಕಾನೂನಿನಿಂದ ಆರಂಭಿಸಿ ಉಯಿಲು, ಟ್ರಸ್ಟುಗಳ ಕಡೆಗೆ ಹೊರಳಿ ಮೂವತ್ತೊಂದು ವರ್ಷವಾಗಿತ್ತು. 'ನಾನು ಹೋದ ಮೇಲೆ' ಎಂಬ ಮಾತನ್ನು ದಿನವಿಡೀ ಕೇಳಿ ಕೇಳಿ, ಮನೆಯಲ್ಲಿ ಯಾರಾದರೂ 'ನಾಳೆ' ಎಂದರೂ ಈಗೀಗ ಅವರಿಗೆ ಆಯಾಸವಾಗುತ್ತಿತ್ತು. ಆದರೂ ಒಂದು ಪದ್ಧತಿ ಬಿಟ್ಟಿರಲಿಲ್ಲ. ಪೋಷಕರೆಂದು ಹೆಸರಿಸಿದವರನ್ನು ಒಬ್ಬರನ್ನೇ ಕೂರಿಸಿಕೊಂಡು ಒಂದು ಪ್ರಶ್ನೆ ಕೇಳದೆ ಸಹಿ ಹಾಕಿಸುತ್ತಿರಲಿಲ್ಲ.

"ನೋಡಿಮ್ಮಾ, ಇದು ನಮ್ಮಿಬ್ಬರಲ್ಲೇ ಇರುತ್ತೆ. ನೀವು ಒಪ್ಪಿದ್ದು ಮನಸ್ಸಿದ್ದೋ, ಬೇಡ ಅನ್ನೋಕೆ ಬಾಯಿ ಬರದೇನೋ?"

ತಂಗಿ ನಕ್ಕಳು. ನಗು ಅರ್ಧಕ್ಕೇ ಕೆಟ್ಟಿತು.

"ಅಕ್ಕ ಬಡಿಸ್ತಾ ಕೇಳಿದ್ಲು ಸರ್. ತುತ್ತು ಬಾಯಲ್ಲಿತ್ತು. ನಿನ್ನ ಬಿಟ್ರೆ ನಂಗ್ಯಾರಿದಾರೆ ಅಂದ್ಲು. ಹೂಂ ಅಂದ್ಬಿಟ್ಟೆ."

ವಕೀಲರು ಕಡತವನ್ನು ಬದಿಗೆ ಸರಿಸಿದರು. ಉಳಿದದ್ದು ತಾನಾಗಿ ಬರುತ್ತದೆಂದು ಅವರಿಗೆ ಗೊತ್ತಿತ್ತು.

"ನಮ್ಮತ್ತೆ ಹನ್ನೊಂದು ವರ್ಷ ಹಾಸಿಗೇಲಿದ್ರು. ಹೋಗಿ ಎಂಟು ತಿಂಗಳಾಯ್ತು. ಎಂಟು ತಿಂಗಳಿಂದ ನಾನು ಬೆಳಗಿನ ತನಕ ನಿದ್ದೆ ಮಾಡ್ತಿದೀನಿ. ಅವತ್ತು ನಾನು ಅತ್ತಿದ್ದು ನೋಡಿ ಎಲ್ರೂ ಎಂಥಾ ಸೊಸೆ ಅಂದ್ರು." ಅವಳು ಧ್ವನಿ ತಗ್ಗಿಸಿದಳು. "ದೇವರು ಮೆಚ್ಚಲ್ಲ, ಆದ್ರೂ ಹೇಳ್ತೀನಿ. ಉಸಿರು ನಿಂತಿದ್ದು ಗೊತ್ತಾದ ತಕ್ಷಣ ನಂಗೆ ಅಬ್ಬಾ ಅನ್ನಿಸಿತ್ತು. ಆ ನಾಚಿಕೆಗೆ ಅತ್ತಿದ್ದು. ಗುಬ್ಬಿ ಅಂದ್ರೆ ನಂಗೆ ಜೀವ ಸರ್. ಅವಳ ವಿಷಯದಲ್ಲೂ ಒಂದಿನ ಹಾಗನ್ನಿಸಿಬಿಟ್ರೆ?"

"ಹಾಗಾದ್ರೆ ಬೇಡ."

"ಅಕ್ಕಂಗೆ ಇದನ್ನೆಲ್ಲ ಹೇಳೋದಾದ್ರೆ ಬೇಡ್ವೇ ಬೇಡ. ಅದಕ್ಕಿಂತ ಸಹಿ ಹಾಕೇಬಿಡ್ತೀನಿ, ಕೊಡಿ."

"ಯಾಕೆ ಹೇಳ್ಬೇಕು? ತೆರಿಗೆ ಮೇಲೆ ಹಾಕೋಣ. ತೆರಿಗೆಯವರನ್ನ ಬೈದ್ರೆ ಯಾರ ಮನೇಲೂ ಒಲೆ ಆರಲ್ಲ."

ಇದು ಅವರ ಹಳೆಯ ಮದ್ದು. ಎಷ್ಟೋ ತಮ್ಮಂದಿರನ್ನು, ನಾದಿನಿಯರನ್ನು, ಮಾತು ಕೊಟ್ಟು ನಿದ್ದೆಗೆಟ್ಟ ಗೆಳೆಯರನ್ನು ಈ ನೆಪದ ಮರೆಯಲ್ಲಿ ಮೆಲ್ಲನೆ ಆಚೆ ದಾಟಿಸಿದ್ದರು. ತೆರಿಗೆ ಎಂದೊಡನೆ ಜನ ಕೇಳಿಸಿಕೊಳ್ಳುವುದನ್ನು ಬಿಟ್ಟು ತಲೆಯಾಡಿಸತೊಡಗುತ್ತಾರೆ.

ಅಕ್ಕನನ್ನು ಒಳಗೆ ಕರೆದರು. ಗುಬ್ಬಿಯ ಜೊತೆ ಗಂಡ ಹೊರಗೇ ಉಳಿದರು.

"ಒಂದು ತೊಡಕಿದೆಯಮ್ಮಾ. ಗುಬ್ಬಿಗೆ ಅಂತ ಟ್ರಸ್ಟಲ್ಲಿ ಇಡ್ತೀರಲ್ಲ, ಅದರ ಆದಾಯ ಪೋಷಕರ ಆದಾಯಕ್ಕೇ ಸೇರುತ್ತೆ. ನಿಮ್ಮ ತಂಗಿಗೆ ಆಗಲೇ ಮನೆ ಬಾಡಿಗೆ ಬರುತ್ತೆ. ಎರಡೂ ಸೇರಿದ್ರೆ ತೆರಿಗೆ ಹೊರೆಯಾಗುತ್ತೆ. ಕಾನೂನೇ ಹಾಗಿದೆ, ಏನ್ಮಾಡೋಣ."

ಅಕ್ಕ ಕೈಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಕೊನೆಯವರೆಗೂ ಕೇಳಿದಳು. ತಲೆಯಾಡಿಸಲಿಲ್ಲ.

"ಯಾವ ಕಲಮು ಸರ್?"

"ಅದು... ಹೊಸ ತಿದ್ದುಪಡಿ."

"ಯಾವ ವರ್ಷದ್ದು?"

ವಕೀಲರ ಕೈ ತಾನಾಗಿ ಕಡತದತ್ತ ಹೋಯಿತು. ಮೊದಲ ಪುಟದಲ್ಲಿ ಗಂಡನ ಉದ್ಯೋಗವನ್ನು ಕೇಳಿ ಕೇಳಿ ಎರಡು ಸಾಲು ಬರೆದುಕೊಂಡಿದ್ದರು. ಹೆಂಡತಿಯ ಹೆಸರಿನ ಮುಂದೆ, ಏನೂ ಕೇಳದೆ, ಅವರದೇ ಅಕ್ಷರದಲ್ಲಿ 'ಗೃಹಿಣಿ' ಎಂದಿತ್ತು.

"ಗುಬ್ಬಿಗೆ ಆರು ತುಂಬೋ ತನಕ ನಾನು ತೆರಿಗೆ ಕಚೇರೀಲಿದ್ದೆ ಸರ್. ಹದಿನಾಲ್ಕು ವರ್ಷ. ಟ್ರಸ್ಟಿನ ಕಡತ ಎಲ್ಲ ನನ್ನ ಮೇಜಿಗೇ ಬರ್ತಿತ್ತು." ಅವಳ ಮಾತಿನಲ್ಲಿ ಸಿಟ್ಟಿರಲಿಲ್ಲ. "ಇಂಥಾ ಮಕ್ಕಳ ಆದಾಯ ಯಾರಿಗೂ ಸೇರಲ್ಲ."

ಪಕ್ಕದ ಕೋಣೆಯಲ್ಲಿ ಪ್ರಿಂಟರು ಹಾಳೆಯ ಮೇಲೆ ಹಾಳೆ ಹೊರಹಾಕುತ್ತಿತ್ತು. ವಕೀಲರು ಕಡತ ಮುಚ್ಚಿದರು; ನಿಜವಾದ ಕಾರಣವನ್ನು ಅವರು ಹೇಳುವಂತಿರಲಿಲ್ಲ. ತಂಗಿ ನೆಲ ನೋಡುತ್ತಿದ್ದಳು. ಅಕ್ಕ ತಿರುಗಿ ಅವಳನ್ನು ನೋಡಿದಳು. ಅವಳ ಬಾಗಿದ ಕತ್ತನ್ನು, ಕಣ್ಣ ಕೆಳಗಿನ ಇನ್ನೂ ಮಾಸದ ಕಪ್ಪನ್ನು, ಹೊಸದಾಗಿ ಕಂಡವಳಂತೆ ನೋಡಿದಳು.

"ಅಕ್ಕಾ..."

"ಸುಮ್ನಿರೇ."

ಅಷ್ಟರಲ್ಲಿ ಬಾಗಿಲು ತೆರೆಯಿತು. ಗುಬ್ಬಿಯ ಕುರ್ಚಿ ಮುಂದೆ, ಅದರ ಹಿಂದೆ ಅವಳ ಅಪ್ಪ. "ಆಯ್ತೇನೇ? ಇವಳು ಆಗಿಂದ ಬಾಗಿಲನ್ನೇ ನೋಡ್ತಿದಾಳೆ. ಚಿಕ್ಕಮ್ಮ ಬೇಕು ಮಹಾರಾಣಿಗೆ, ನಾನು ಲೆಕ್ಕಕ್ಕೇ ಇಲ್ಲ. ಎಲ್ಲಿ ಸರ್, ಸಹಿ ಎಲ್ಲಿ?"

"ಆಗಲ್ವಂತೆ ರೀ," ಎಂದಳು ಅಕ್ಕ. "ಇವಳಿಗೆ ಬಾಡಿಗೆ ಬರುತ್ತಲ್ಲ, ಗುಬ್ಬೀದೂ ಇವಳಿಗೇ ಸೇರುತ್ತಂತೆ. ಹೊಸ ತಿದ್ದುಪಡಿ. ಹೋದ ವರ್ಷದ್ದು."

"ಸೇರಲ್ಲ ಅಂತ ನೀನೇ ಹೇಳ್ತಿದ್ದೆಯಲ್ಲೇ?"

"ಯಾವ ಕಾಲದ ಮಾತು ಅದು! ಆಗಿನ ಕಾನೂನು ಈಗೆಲ್ಲಿದೆ? ನಂಗೂ ಎಲ್ಲ ಮರೆತುಹೋಗಿದೆ."

"ಹಾಳಾದವರು. ಇಂಥಾ ಮಗೂನೂ ಬಿಡಲ್ವಲ್ಲ ಇವರು," ಎಂದು ಅವರು ಗೊಣಗಿದರು. ಆಮೇಲೆ ಮೆಲ್ಲಗೆ, "ಮತ್ಯಾರ ಹೆಸರು ಹಾಕೋದೇ?"

"ಸದ್ಯ ಖಾಲಿ ಬಿಡಿ ಸರ್."

ವಕೀಲರು ನಾಲ್ಕನೆಯ ಪುಟ ತೆಗೆದು ಹೆಸರಿನ ಮೇಲೆ ಗೀಟೆಳೆದರು. ಬದಿಯಲ್ಲಿ ಕಾರಣ ಬರೆಯುವುದು ವಾಡಿಕೆ. ಬರೆಯದೆ ಪೆನ್ನು ಮುಚ್ಚಿದರು.

ಹೊರಡಲೆಂದು ಎಲ್ಲರೂ ಎದ್ದಾಗ ಗುಬ್ಬಿ ಕೈ ಚಾಚಿ ಚಿಕ್ಕಮ್ಮನ ಅಂಗಿಯ ತೋಳನ್ನು ಹಿಡಿದುಬಿಟ್ಟಳು. ಹಿಡಿದದ್ದನ್ನು ಅವಳು ಸುಲಭಕ್ಕೆ ಬಿಡುವವಳಲ್ಲ. ತಂಗಿ ತೋಳನ್ನು ಎಳೆದುಕೊಳ್ಳಲಿಲ್ಲ. ಹಿಡಿತಕ್ಕೆ ತಕ್ಕಂತೆ ಬಾಗಿ, ಅಲುಗದೆ ನಿಂತಳು. ಅಕ್ಕ ಕೈಚೀಲ ಕೆಳಗಿಟ್ಟು, ಕುರ್ಚಿಯ ಪಕ್ಕ ಮಂಡಿಯೂರಿ, ಕಿರುಬೆರಳಿನಿಂದ ಆರಂಭಿಸಿ ಮಗಳ ಬೆರಳುಗಳನ್ನು ಒಂದೊಂದಾಗಿ ಬಿಡಿಸತೊಡಗಿದಳು.