ನೊಣ ಕೂರದ ಮೀನು

ಆ ಮನೆಗೆ ದಿನಾ ಬೆಳಗ್ಗೆ ಎರಡು ಬಗೆಯ ಮೀನು ಬರುತ್ತಿತ್ತು. ಒಂದು, ಅವರ ಮೀನಂಗಡಿಗೆ: ದೂರದಿಂದ ಲಾರಿಯಲ್ಲಿ ಬಂದು, ಹಿಡಿದು ಎಷ್ಟು ದಿನವಾಯಿತೆಂದು ಯಾರಿಗೂ ಗೊತ್ತಿಲ್ಲದ ನಾಲ್ಕು ಪೆಟ್ಟಿಗೆ. ಇನ್ನೊಂದು, ಮನೆಯ ಊಟಕ್ಕೆ: ಆಗಷ್ಟೇ ದಡ ಮುಟ್ಟಿದ ಸಣ್ಣ ದೋಣಿಯಿಂದ ಮನೆಯ ಮಗ ಆರಿಸಿ, ಒದ್ದೆ ಬಟ್ಟೆಯಲ್ಲಿ ಸುತ್ತಿ ತರುತ್ತಿದ್ದ ಐದಾರು ಮೀನು. ಎರಡನ್ನೂ ಒಂದೇ ಕತ್ತಿಯಲ್ಲಿ ಕೊಯ್ಯುವ ಹಾಗಿರಲಿಲ್ಲ. ಮದುವೆಯಾಗಿ ಬಂದ ಹೊಸದರಲ್ಲಿ ಸೊಸೆ ಇದನ್ನು ಅತ್ತೆಯ ಅಚ್ಚುಕಟ್ಟುತನ ಎಂದುಕೊಂಡಿದ್ದಳು.

ಹಿತ್ತಲಿನ ಕೆಲಸ ಅತ್ತೆಯದೇ ಆಗಿತ್ತು. ಒಂದು ದಿನ ಅವಳ ಬಲಗೈ ಬೆರಳುಗಳ ಚರ್ಮ ಸುಲಿದು, ಉಗುರಿನ ಬುಡದಲ್ಲಿ ಕೀವಾಗಿ, ಕೈಗೆ ಬಟ್ಟೆ ಸುತ್ತಬೇಕಾಯಿತು. ಆ ಕೆಲಸ ಸೊಸೆಗೆ ಬಂತು. ಸಿಮೆಂಟ್ ತೊಟ್ಟಿಗೆ ನೀರು ತುಂಬಿಸಬೇಕು, ನೀಲಿ ಕ್ಯಾನಿನಿಂದ ಒಂದು ಲೋಟ ಸುರಿಯಬೇಕು, ಅಂಗಡಿಯ ಮೀನನ್ನು ಅದರಲ್ಲಿ ಮುಳುಗಿಸಿ ತೆಗೆಯಬೇಕು. ಮಾರುಕಟ್ಟೆಯಲ್ಲಿ ಅವರ ಅಂಗಡಿಯ ಸಾಲಿನಲ್ಲಿ ಮೀನು ಮಾರುವವರೆಲ್ಲ ಅದನ್ನು ಮದ್ದು ಎನ್ನುತ್ತಿದ್ದರು. ಮೊದಲ ದಿನವೇ ಅವಳ ಕಣ್ಣು ಉರಿದು ನೀರು ಸುರಿಯಿತು, ಗಂಟಲು ಹಿಡಿಯಿತು. ಆದರೆ ಮೆತ್ತಗಾಗಿದ್ದ ಮೀನು ಗಟ್ಟಿಯಾಗಿ, ಹೊಳೆಯುತ್ತಾ ಮೇಲೆ ಬಂತು. ಬಾವಿಕಟ್ಟೆಯ ಮೇಲಿದ್ದ ನೊಣಗಳು ಹಾರಿ ಬಂದು, ಅದರ ಮೇಲೆ ಒಂದು ಸುತ್ತು ಹಾಕಿ, ಕೂರದೆ ಹೋದವು.

ಅವಳಿಗೆ ಆ ನೊಣಗಳನ್ನು ಕಂಡು ಹೆದರಿಕೆಯಾಯಿತು. ಗಂಡನನ್ನು ಕೇಳಿದಳು.

"ಆಸ್ಪತ್ರೇಲಿ ಹೆಣ ಕೆಡದ ಹಾಗೆ ಇಡೋಕೆ ಹಾಕ್ತಾರಲ್ಲ, ಅದೇ ಇದು," ಎಂದು ನಕ್ಕ. "ಇಲ್ಲೀವರೆಗೂ ಒಂದು ಹೆಣಾನೂ ಕಂಪ್ಲೇಂಟ್ ಮಾಡಿಲ್ಲ, ಸುಮ್ನಿರು."

ಅಂದಿನಿಂದ ಬೀದಿಯಲ್ಲಿ ಯಾರಾದರೂ ಹೊಟ್ಟೆ ಹಿಡಿದುಕೊಂಡರೆ, ಯಾರದಾದರೂ ಮಗು ಸೊರಗಿದ್ದರೆ, ಇವರು ಮೀನು ಎಲ್ಲಿ ಕೊಳ್ಳುತ್ತಾರೆಂದು ನೆನಪು ಮಾಡಿಕೊಳ್ಳುವಳು. ಎಲ್ಲಿ ಮುಖದಲ್ಲೇ ಗೊತ್ತಾಗಿಬಿಡುತ್ತದೋ ಎಂದು ತಲೆ ತಗ್ಗಿಸಿ ನಡೆಯುವಳು. ಮನೆಯಲ್ಲಿ ಎಂಟು ತಿಂಗಳ ಬಸುರಿ ನಾದಿನಿ ಹೆರಿಗೆಗೆಂದು ಬಂದಿದ್ದಳು. ಅವಳ ತಟ್ಟೆಗೆ ಬೀಳುವ ಮೀನಿನ ಕಿವಿರು ಬಿಡಿಸಿ, ತಾಜಾ ಮೀನಿನ ಹಾಗೆ ಕೆಂಪಗಿದೆಯೇ ಎಂದು ಅತ್ತೆ ತಾನೇ ನೋಡುತ್ತಿದ್ದಳು. ತಿಳಿಯದೆ ಮಾಡುವವರಾಗಿದ್ದರೆ ಆ ಎಚ್ಚರ ಯಾಕೆ ಬೇಕಿತ್ತು?

ಎರಡು ದಿನ ಬಾಯಲ್ಲೇ ಇಟ್ಟುಕೊಂಡಿದ್ದ ಮಾತನ್ನು ಮೂರನೆಯ ದಿನ ಆಡಿದಳು.

"ಅತ್ತೆ, ಇವತ್ತು ಮದ್ದು ಹಾಕದೆ..."

"ಹಾಕದೆ? ಜೋಗುಳ ಹಾಡಿ ಮಲಗಿಸ್ತೀಯಾ ಮೀನನ್ನ? ಹತ್ತು ಗಂಟೆಗೆಲ್ಲ ನಾರುತ್ತೆ."

"ಎರಡೇ ಪೆಟ್ಟಿಗೆ ತರೋಣ. ಹತ್ತಿರದ ದೋಣಿಯವರದ್ದೇ ತರೋಣ. ಐಸ್ ಜಾಸ್ತಿ ಹಾಕಿದ್ರೆ ಸಂಜೆವರೆಗೆ ಇರುತ್ತೆ."

"ಐದನೇ ಕ್ಲಾಸಿಗೆ ಸ್ಕೂಲ್ ಬಿಟ್ಟೋಳು ನಂಗೆ ವ್ಯಾಪಾರ ಹೇಳ್ಕೊಡ್ತಾಳೆ! ನಮ್ಮತ್ತೆ ಹಾಕ್ತಿದ್ರು, ನಾನು ಹಾಕ್ದೆ, ನೀನೂ ಹಾಕ್ತೀಯ. ಇಡೀ ಸಾಲೇ ಹಾಕುತ್ತೆ."

"ನಿಮ್ಮ ಕೈ ನೋಡಿ ಅತ್ತೆ. ಮುಟ್ಟಿದ ಕೈಯೇ ಹೀಗಾದ್ರೆ, ತಿಂದೋರ ಹೊಟ್ಟೆ?"

"ತಿಂದೋರು ಗುಂಡುಕಲ್ಲಿನ ಹಾಗಿದ್ದಾರೆ, ದಿನಾ ಬಂದು ಚೌಕಾಸಿ ಮಾಡ್ತಾರೆ. ಬಾಯಿ ಮುಚ್ಕೊಂಡು ಮುಳುಗಿಸು. ಇಲ್ದಿದ್ರೆ ಬಟ್ಟೆ ಗಂಟು ಕಟ್ಟು, ತವರಿಗೆ ಹೊರಡು."

ತವರೆಂದರೆ ಅಣ್ಣನ ಮನೆ. ಇವಳು ಹೋದರೆ ಅಲ್ಲಿ ಅತ್ತಿಗೆ ಬಾಗಿಲನ್ನು ಅರ್ಧ ಮಾತ್ರ ತೆರೆಯುತ್ತಿದ್ದಳು. ಸೊಸೆ ಮೀನು ಮುಳುಗಿಸಿದಳು.

ಅತ್ತೆಯ ಕೈ ವಾಸಿಯಾಗದ ಕಾರಣ ಅಂಗಡಿಯಲ್ಲೂ ತಕ್ಕಡಿ ಸೊಸೆಯೇ ಹಿಡಿಯಬೇಕಾಯಿತು. ಆ ದಿನ ಅಲ್ಲಿಗೆ ಅವರ ಬೀದಿಯ ಟೈಲರಮ್ಮ ಬಂದಳು, ಸೊಂಟದ ಮೇಲೆ ಮೂರು ವರ್ಷದ ಮಗು. ಅದರ ಕುತ್ತಿಗೆ ಕಡ್ಡಿಯ ಹಾಗಿತ್ತು.

"ಹದಿನೈದು ದಿನ ಜ್ವರದಲ್ಲಿ ಮಲಗಿತ್ತು ಕಣಮ್ಮ. ಇವತ್ತು ತಾನಾಗೇ ಬಾಯಿ ಬಿಟ್ಟು ಮೀನು ಬೇಕು ಅಂತು. ಮುಳ್ಳು ಕಡಿಮೆ ಇರೋದು ನೋಡಿ ಕೊಡು."

ಸೊಸೆಯ ಕೈ ತಾನಾಗಿ ಒಂದು ಮೀನನ್ನು ಎತ್ತಿ ತಕ್ಕಡಿಗೆ ಹಾಕಿತು. ಮಗು ಬಾಗಿ, ಅದರ ಹೊಳೆಯುವ ಮೈಯನ್ನು ಬೆರಳಿನಿಂದ ಒತ್ತಿ ನೋಡಿ ನಕ್ಕಿತು. ಆಮೇಲೆ ಆ ಬೆರಳನ್ನು ಬಾಯಿಗೆ ಒಯ್ದಿತು. ಸೊಸೆ ಮೀನು ಹರಡಿದ್ದ ಹಲಗೆಯ ಮೇಲಿಂದ ಬಾಗಿ ಮಗುವಿನ ಕೈ ಹಿಡಿದುಕೊಂಡಳು.

"ಕೊಡಲ್ಲ," ಎಂದಳು.

"ಏನಂದೆ?"

"ಈ ಮೀನು ಕೊಡಲ್ಲ. ಮಗು ಕೈ ತೊಳೀರಿ ಮೊದಲು."

"ಯಾಕೇ, ಮೀನಿಗೆ ನಿಶ್ಚಿತಾರ್ಥ ಆಗಿದೆಯಾ ಕೊಡಲ್ಲ ಅನ್ನೋಕೆ?" ಎಂದಳು ಪಕ್ಕದ ಅಂಗಡಿಯ ಕನ್ನಡಕದಕ್ಕ. ಸಾಲು ನಕ್ಕಿತು.

ಐಸ್ ಪೆಟ್ಟಿಗೆಯ ಹಿಂದಿದ್ದ ಅತ್ತೆ ದಡದಡನೆ ಬಂದಳು. "ಇವಳಿಗೆ ಸ್ವಲ್ಪ ತಲೆ ಕಮ್ಮಿ, ಟೈಲರಮ್ಮ. ನೀವು ತಗೊಳ್ಳಿ. ಬೆಳಗ್ಗೆ ಬಂದ ಮೀನು. ನಮ್ಮನೇಲೂ ಇವತ್ತು ಇದೇ ಸಾರು."

ಇಷ್ಟು ಜನರ ಮುಂದೆ ಸೊಸೆ ಎಂದೂ ಮಾತಾಡಿದವಳಲ್ಲ. ತಕ್ಕಡಿಯ ಮೀನನ್ನು ತೆಗೆದು ಕಾಗದದಲ್ಲಿ ಸುತ್ತಿದಳು.

"ಹಾಗಾದ್ರೆ ಇದನ್ನೇ ಮನೆಗೆ ತಗೊಂಡ್ಹೋಗ್ತೀನಿ ಅತ್ತೆ," ಎಂದಳು. "ಮಧ್ಯಾಹ್ನ ನಿಮ್ಮ ಮಗಳಿಗೆ ಸಾರು ಮಾಡಿ ಬಡಿಸ್ತೀನಿ."

ಅತ್ತೆ ಹೂಂ ಎಂದಿದ್ದರೆ ಸಾಕಿತ್ತು. ಟೈಲರಮ್ಮ ಕಾಯುತ್ತಿದ್ದಳು, ಸಾಲೂ ಕಾಯುತ್ತಿತ್ತು. ಸೊಸೆ ಪೊಟ್ಟಣ ಹಿಡಿದು ಒಂದು ಹೆಜ್ಜೆ ಇಟ್ಟಳು. ಬಟ್ಟೆ ಸುತ್ತಿದ ಕೈ ಚಾಚಿ ಅತ್ತೆ ಅದನ್ನು ಕಿತ್ತುಕೊಂಡಳು.

"ಬೇಡ!"

ಆ ಮಾತು ಸಾಲಿಗೆಲ್ಲ ಕೇಳಿಸಿತು. ಟೈಲರಮ್ಮನ ಮುಖ ಬಿಳಿಚಿಕೊಂಡಿತು. ಬೈಯಲಿಲ್ಲ. ಸೆರಗಿನಿಂದ ಮಗುವಿನ ಬೆರಳುಗಳನ್ನು ಒಂದೊಂದಾಗಿ ಒರೆಸಿ, ಪಕ್ಕದ ಅಂಗಡಿಯ ಮುಂದೆ ಹೋಗಿ ನಿಂತಳು.

"ನೀವು ಮಾರೋದನ್ನ ನೀವು ತಿಂತೀರಾ ಅಕ್ಕ?"

ಕನ್ನಡಕದಕ್ಕ ಕನ್ನಡಕ ತೆಗೆದು ಒರೆಸತೊಡಗಿದಳು.

"ನಮ್ಮ ಹೊಟ್ಟೆ ಮೇಲೆ ಹೊಡೆದೆ," ಅತ್ತೆ ಹಲ್ಲು ಕಚ್ಚಿ ಸೊಸೆಯ ಕಿವಿಯ ಹತ್ತಿರ ಅಂದಳು. "ಇವತ್ತು ನನ್ನ ಹೊಸ್ತಿಲು ತುಳೀಬೇಡ."

"ತುಳೀತೀನಿ ಅತ್ತೆ. ಮನೇಲಿ ಬಸುರಿ ಹಸ್ಕೊಂಡಿರ್ತಾಳೆ, ಅಡುಗೆ ಆಗ್ಬೇಕು." ಸೊಸೆ ತಕ್ಕಡಿಯನ್ನು ಹಲಗೆಯ ಮೇಲಿಟ್ಟಳು. "ಆ ನೀರಿಗೆ ಮಾತ್ರ ಇನ್ನು ಕೈ ಹಾಕಲ್ಲ."

ಟೈಲರಮ್ಮ ಮೂರನೆಯ ಅಂಗಡಿಗೆ ಹೋಗಿದ್ದಳು. ಅವಳ ಹಿಂದೆ ಈಗ ಚೀಲ ಹಿಡಿದ ಇನ್ನಿಬ್ಬರು ಹೆಂಗಸರಿದ್ದರು. ನಾಲ್ಕನೆಯ ಅಂಗಡಿಯಲ್ಲಿ ಅದೇ ಪ್ರಶ್ನೆಯನ್ನು ಅವರಲ್ಲೊಬ್ಬಳು ಕೇಳಿದಳು.