ಆರು ಹತ್ತರ ಬಾಗಿಲು

ಅಕ್ಕ ತೀರಿಕೊಂಡ ಸುದ್ದಿ ತಿಳಿದ ದಿನವೂ ಬೆಳಗ್ಗೆ ಆರು ಗಂಟೆ ಹತ್ತು ನಿಮಿಷಕ್ಕೆ ಬೀಗದಣ್ಣನ ಫೋನು ಎಂದಿನಂತೆ ಟಿಣ್ ಎಂದಿತು. ಪರದೆಯ ಮೇಲೆ ‘ಬಾಗಿಲು ತೆರೆಯಿತು’ ಎಂದು ಬರೆದಿತ್ತು. ಅಕ್ಕ ಎದ್ದಳು, ದೇವರು ದೊಡ್ಡವನು ಎಂದುಕೊಂಡು ಅವನು ಮುಖ ತೊಳೆಯಲು ಹೋದ. ಮುಖ ತೊಳೆದು ಒರೆಸಿಕೊಂಡು ಕೂತು ಎರಡು ಗುಟುಕು ಚಹಾ ಕುಡಿದಿದ್ದನೋ ಇಲ್ಲವೋ, ಅಕ್ಕನ ಮನೆಯ ಕೆಳಗಿನ ಕೋಣೆಯಲ್ಲಿ ಬಟ್ಟೆ ಹೊಲಿಯುವ ಹೊಲಿಗೆಯಮ್ಮ ಬರಿಗಾಲಲ್ಲಿ ಓಡಿ ಬಂದಳು. ಅಳತೆಯ ಟೇಪು ಕೊರಳಲ್ಲಿ ಹಾಗೆಯೇ ಜೋತಾಡುತ್ತಿತ್ತು.

“ಅಣ್ಣಾ, ಬೇಗ ಬನ್ನಿ. ಅಕ್ಕ ಏಳ್ತಾ ಇಲ್ಲ.”

“ಏನಮ್ಮಾ ಹೇಳ್ತಿದ್ದೀಯ? ಈಗ ತಾನೇ ಎದ್ದು ಬಾಗಿಲು ತೆಗೆದಿದ್ದಾಳೆ.”

“ಮೈ ತಣ್ಣಗಾಗಿದೆ ಅಣ್ಣಾ,” ಎಂದು ಅವಳು ಅಲ್ಲೇ ಹೊಸ್ತಿಲ ಮೇಲೆ ಕುಸಿದಳು.

ಡಾಕ್ಟರು ಬಂದು ಕಣ್ಣು, ಕೈ ಎಲ್ಲ ನೋಡಿ, “ನಿದ್ದೆಯಲ್ಲೇ ಹೋಗಿದ್ದಾರೆ. ಆಗಲೇ ನಾಲ್ಕೈದು ಗಂಟೆ ಆಗಿರಬೇಕು,” ಎಂದರು. ಆ ಮಾತು ಬೀಗದಣ್ಣನ ಕಿವಿಗೆ ಬಿತ್ತೇ ಹೊರತು ತಲೆಗೆ ಇಳಿಯಲಿಲ್ಲ. ತಾಯಿ ಹೋದ ಮೇಲೆ ಅವನನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದವಳು ಆ ಅಕ್ಕ. ಅರವತ್ತಾರು ವರ್ಷದ ಮುದುಕ ಎರಡನೆಯ ಸಲ ತಬ್ಬಲಿಯಾದ. ಸಂಜೆಯ ಹೊತ್ತಿಗೆ ಅವಳನ್ನು ಮಣ್ಣಿಗೆ ಒಪ್ಪಿಸಿ, ಮನೆಗೆ ಬಂದು, ಗೋಡೆಗೆ ಮುಖಮಾಡಿ ಮಲಗಿದ.

ಮರುದಿನ ಬೆಳಗ್ಗೆ ಆರು ಹತ್ತಕ್ಕೆ ಫೋನು ಟಿಣ್ ಎಂದಿತು. ಬಾಗಿಲು ತೆರೆಯಿತು.

ಅವನು ಹಾಸಿಗೆಯ ಮೇಲೆ ಎದ್ದು ಕೂತ. ಡಾಕ್ಟರ ಮಾತು ಆಗ ತಲೆಗೆ ಇಳಿಯಿತು. ನಾಲ್ಕೈದು ಗಂಟೆ ಮೊದಲೇ ಹೋಗಿದ್ದವಳು ನಿನ್ನೆ ಆರು ಹತ್ತಕ್ಕೆ ಬಾಗಿಲು ತೆರೆದದ್ದು ಹೇಗೆ? ಇವತ್ತು ತೆರೆದವರು ಯಾರು?

ಆ ಬೀಗದ ಕಥೆ ಹೀಗೆ. ಬೀಗದಣ್ಣ ನಲವತ್ತೈದು ವರ್ಷ ಕೀಲಿ ಕೆತ್ತಿದವನು. ಓಣಿಯ ಅರ್ಧ ಬಾಗಿಲುಗಳು ಅವನ ಕೈಯಲ್ಲಿ ಹಾದುಹೋಗಿದ್ದವು. ಅವನಿಗೊಂದು ನೇಮವಿತ್ತು: ಗಿರಾಕಿಯ ಕೀಲಿ ಗಿರಾಕಿಗೆ, ತನ್ನ ಹತ್ತಿರ ಅಚ್ಚು ಕೂಡ ಇಟ್ಟುಕೊಳ್ಳಬಾರದು. ಬೀಗದವನು ಬಾಗಿಲನ್ನು ಮರೆಯಬೇಕು ಎನ್ನುತ್ತಿದ್ದ. ಎರಡು ವರ್ಷದ ಹಿಂದೆ ಅಕ್ಕ ಮೇಲಿಂದ ಮೇಲೆ ಕೀಲಿ ಕಳೆದುಕೊಳ್ಳತೊಡಗಿದಾಗ ಬೀಗದಣ್ಣನ ಮಗಳು ಹಟ ಹಿಡಿದು ಅಂಕಿ ಒತ್ತಿ ತೆರೆಯುವ ಹೊಸ ಬೀಗ ತರಿಸಿದಳು. ಅವನು ಗೊಣಗುತ್ತಲೇ ಅದನ್ನು ಕೂರಿಸಿದ. ಬಾಗಿಲು ತೆರೆದಾಗೆಲ್ಲ ಅಪ್ಪನ ಫೋನಿಗೆ ಸುದ್ದಿ ಬರುವಂತೆ ಮಗಳು ಮಾಡಿಕೊಟ್ಟಳು. “ಮುಚ್ಚಿದ ಸುದ್ದಿಯೆಲ್ಲ ನನಗೆ ಬೇಡ, ತಲೆ ತಿನ್ನುತ್ತೆ,” ಎಂದು ಅವನು ಅದೊಂದನ್ನು ನಿಲ್ಲಿಸಿದ. ಮೊದಲೆಲ್ಲ ದಿನಾ ಬೆಳಗ್ಗೆ ಅಕ್ಕನನ್ನು ನೋಡಿ ಬರುತ್ತಿದ್ದವನು, ಟಿಣ್ ಬರತೊಡಗಿದ ಮೇಲೆ ಭಾನುವಾರಕ್ಕೊಮ್ಮೆ ಹೋಗುವವನಾದ. ಸುದ್ದಿ ಮನೆಗೇ ಬರುವಾಗ ಕಾಲು ಯಾಕೆ ಸವೆಸಬೇಕು?

ಅಂಕಿ ಗೊತ್ತಿದ್ದದ್ದು ಮೂವರಿಗೆ: ಅಕ್ಕನಿಗೆ, ಅವನಿಗೆ, ಮಗಳಿಗೆ. ಹಾಗಾದರೆ ಹೊಲಿಗೆಯಮ್ಮ ಅಂದು ಬೆಳಗ್ಗೆ ಒಳಗೆ ಹೋದದ್ದು ಹೇಗೆ?

ಅವಳನ್ನು ಮೆಟ್ಟಿಲ ಬಳಿ ಹಿಡಿದು ಕೇಳಿದ.

“ಬಾಗಿಲು ತೆರೆದೇ ಇತ್ತು ಅಣ್ಣಾ.”

“ಅಷ್ಟು ಬೆಳಗ್ಗೆ ನಿನಗೇನು ಕೆಲಸ ಅಲ್ಲಿ?”

“ಸುಮ್ನೆ... ಮಾತಾಡಿಸೋಕೆ,” ಎಂದಳು. ಕೈಯಲ್ಲಿದ್ದ ರವಿಕೆಯ ಅಂಚನ್ನು ಉಗುರಿನಿಂದ ಕೆರೆಯುತ್ತಿದ್ದಳೇ ಹೊರತು ಅವನ ಮುಖ ನೋಡಲಿಲ್ಲ.

ಅನುಮಾನ ಅಲ್ಲಿ ಮೊಳೆಯಿತು. ಅದಕ್ಕೆ ನೀರು ಗೊಬ್ಬರ ಬೇಕಾಗಿಲ್ಲ, ತಾನೇ ಬೆಳೆದುಕೊಳ್ಳುತ್ತದೆ.

ಮೂರನೆಯ ದಿನ ಅವನು ಅಕ್ಕನ ಮನೆಗೆ ಹೋದದ್ದು ಬೇರೊಂದು ಕಾರಣಕ್ಕೆ. ಅಕ್ಕ ದೈವಭಕ್ತೆ. ಓಣಿಯವರು ತಮ್ಮ ಸಂಕಟಗಳನ್ನು ತಂದು ಅವಳ ಮುಂದೆ ಇಳಿಸುತ್ತಿದ್ದರು. ಗಂಡ ಹೊಡೆದದ್ದು, ಮಗ ಮಾತು ಬಿಟ್ಟದ್ದು, ಡಾಕ್ಟರು ಗುಟ್ಟಾಗಿ ಹೇಳಿದ್ದು. ಅವಳು ಯಾರಿಗೂ ಬುದ್ಧಿ ಹೇಳುತ್ತಿರಲಿಲ್ಲ. ನೀಲಿ ರಟ್ಟಿನ ಒಂದು ಪುಸ್ತಕದಲ್ಲಿ ಒಬ್ಬೊಬ್ಬರಿಗೆ ಒಂದು ಹಾಳೆ ಮಾಡಿ ಬರೆದಿಟ್ಟು, ಬೆಳಗ್ಗೆ ಬೆಳಗ್ಗೆ ಅವರವರಿಗಾಗಿ ಪ್ರಾರ್ಥಿಸುತ್ತಿದ್ದಳು. “ನಾನು ಹೋದ ಮೇಲೆ ಅದನ್ನು ಯಾರಿಗೂ ತೋರಿಸ್ದೆ ಸುಟ್ಟುಬಿಡು ಕಣೋ. ನೀನೂ ಓದಬೇಡ,” ಎಂದು ಮಾತು ತೆಗೆದುಕೊಂಡಿದ್ದಳು.

ಆ ಪುಸ್ತಕದಲ್ಲಿ ಅವನದೂ ಒಂದು ಹಾಳೆಯಿತ್ತು. ಹನ್ನೆರಡು ವರ್ಷದ ಹಿಂದೆ ಅವನು ತನ್ನ ನೇಮ ಮುರಿದಿದ್ದ. ಮಗಳ ಮರದ ಪೆಟ್ಟಿಗೆಗೆ ಹಿತ್ತಾಳೆಯ ಬೀಗ ಹಾಕಿಕೊಟ್ಟವನು ತಾನೇ ಅದಕ್ಕೆ ಕಳ್ಳಗೀಲಿ ಮಾಡಿ, ಅವಳು ಮನೆಯಲ್ಲಿಲ್ಲದ ಒಂದು ಮಧ್ಯಾಹ್ನ ಪೆಟ್ಟಿಗೆ ತೆರೆದು ಕಾಗದಗಳನ್ನು ಓದಿದ್ದ. ಯಾವನೋ ಹುಡುಗನ ಕಾಗದವೆಂದು ತೆರೆದರೆ ಎಲ್ಲವೂ ಅವಳ ಗೆಳತಿಯವು. ಒಂದರಲ್ಲಿ, ‘ನಿಮ್ಮಪ್ಪ ಎಲ್ಲರನ್ನೂ ಕಳ್ಳರ ಹಾಗೆ ನೋಡ್ತಾರೆ ಅಂತ ಬರೆದಿದ್ದೀಯಲ್ಲ, ನನಗೆ ನಗು ಬಂತು’ ಎಂದಿತ್ತು. ಅವನು ಅದನ್ನು ಮಡಿಸಿ, ಇದ್ದ ಹಾಗೇ ಇಟ್ಟು, ಅಕ್ಕನೊಬ್ಬಳಿಗೆ ಹೇಳಿಕೊಂಡು ಅತ್ತಿದ್ದ.

ಪುಸ್ತಕವಿರುತ್ತಿದ್ದ ಡ್ರಾಯರು ಬರಿದಾಗಿತ್ತು. ಹಾಸಿಗೆಯ ಕೆಳಗೆ, ಬಟ್ಟೆಗಳ ನಡುವೆ, ಅಡಿಗೆಮನೆಯ ಡಬ್ಬಗಳ ಹಿಂದೆ ಹುಡುಕಿದ. ಸಿಗಲಿಲ್ಲ. ಓಣಿಯ ಗುಟ್ಟು ಯಾರ ಕೈಯಲ್ಲಿದೆಯೋ ಎಂದು ಬೆವರಿದ. ತನ್ನ ಗುಟ್ಟು ಮಗಳ ಕೈಗೆ ಸಿಕ್ಕರೆ ಎಂದು ಇನ್ನೂ ಹೆಚ್ಚು ಬೆವರಿದ. ಕೂಡಲೇ ಬೀಗದ ಅಂಕಿ ಬದಲಾಯಿಸಿದ. ಯಾರಿಗೂ ಹೇಳಲಿಲ್ಲ, ಮಗಳಿಗೂ ಇಲ್ಲ.

ನಾಲ್ಕನೆಯ ದಿನ ಆರು ಹತ್ತು. ಟಿಣ್.

ಈಗ ಅವನಿಗೆ ಬೀಗದ ಮೇಲೇ ಗುಮಾನಿ ಬಂತು. ಬೇಲಿಯೇ ಎದ್ದು ಹೊಲ ಮೇಯ್ದರೆ ಯಾರಿಗೆ ಹೇಳುವುದು? ಬೀಗದ ಪೆಟ್ಟಿಗೆಯ ಮೇಲಿದ್ದ ಸಂಖ್ಯೆಗೆ ಫೋನು ಮಾಡಿದ. ಸಂಗೀತ ಕೇಳಿಸಿ ಕೇಳಿಸಿ ಕೊನೆಗೆ ಒಬ್ಬ ಹುಡುಗಿ ಸಿಕ್ಕಳು.

“ನಿಮ್ಮ ಮಾಹಿತಿ ನಮ್ಮಲ್ಲಿ ಸುರಕ್ಷಿತವಾಗಿದೆ ಸಾರ್.”

“ಸುರಕ್ಷಿತ ಅಂದ್ರೆ, ನಿಮ್ಮ ಹತ್ರ ಇದೆ ಅಂತ ತಾನೇ?”

“ಅಂದ್ರೆ... ಹೌದು ಸಾರ್.”

“ನಾನು ನಲವತ್ತೈದು ವರ್ಷ ಬೀಗ ಮಾಡಿದ್ದೇನಮ್ಮಾ. ಒಬ್ಬರ ಕೀಲಿನೂ ಇಟ್ಟುಕೊಂಡವನಲ್ಲ. ಆ ಬಾಗಿಲು ದಿನಾ ತೆಗೀತಿರೋದು ಯಾರು, ಅಷ್ಟು ಹೇಳು.”

“ಅದನ್ನ ಮಾಲೀಕರಿಗೆ ಮಾತ್ರ ಹೇಳಬಹುದು ಸಾರ್. ಅವರನ್ನ ಲೈನಿಗೆ ಕೊಡಿ.”

“ಅವರು ತೀರಿಕೊಂಡ್ರು.”

ಹುಡುಗಿ, “ತುಂಬಾ ಬೇಸರ ಆಯ್ತು ಸಾರ್. ಹಾಗಾದ್ರೆ ಅವರ ಫೋನಿಗೆ ಒಂದು ಸಂಖ್ಯೆ ಕಳಿಸ್ತೀವಿ, ಅವರೇ ನೋಡಿ ಹೇಳಿದ್ರೆ ಸಾಕು,” ಎಂದಳು. ಅವನು ಫೋನು ಇಟ್ಟುಬಿಟ್ಟ.

ಮಧ್ಯಾಹ್ನ ಮಗಳು ಬಂದಳು. ಅಪ್ಪ ಅನ್ನದ ತಟ್ಟೆಯ ಮುಂದೆ ಸುಮ್ಮನೆ ಕೂತಿದ್ದ.

“ಅತ್ತೆಯ ಬೀಗದ ಅಂಕಿ ಬದಲಾಯಿಸಿದ್ರಾ? ಕನ್ನಡಕ ಬಿಟ್ಟು ಬಂದಿದ್ದೆ, ತರೋಣ ಅಂತ ಹೋದ್ರೆ ತೆಗೀಲಿಲ್ಲ.”

“ಯಾವಾಗ ಹೋಗಿದ್ದೆ? ಬೆಳಗ್ಗೆನಾ?”

“ಈಗ ಅಪ್ಪಾ. ಯಾಕೆ?” ಅವಳು ಅವನ ಮುಖವನ್ನೇ ನೋಡಿದಳು. “ಓಹೋ. ಈಗ ನನ್ನ ಸರದಿ ಬಂತಾ?”

ಅವನು ತಟ್ಟೆಯನ್ನು ಆಚೆ ತಳ್ಳಿದ. ಅಂಕಿ ಕೊಡಲಿಲ್ಲ. ಅವಳು ತಟ್ಟೆಯನ್ನು ಅವನ ಕಡೆಗೆ ಸರಿಸಿ, “ಊಟ ಮಾಡಿ. ಅನ್ನದ ಮೇಲಾದ್ರೂ ಅನುಮಾನ ಬೇಡ,” ಎಂದು ಹೇಳಿ ಹೊರಟುಹೋದಳು.

ಐದನೆಯ ದಿನ ಅವನು ಐದೂವರೆಗೇ ಅಕ್ಕನ ಮನೆಗೆ ಹೋಗಿ, ಹೊಸ ಅಂಕಿ ಒತ್ತಿ ಒಳಸೇರಿ, ಬಾಗಿಲಿಗೆ ಎದುರಾಗಿ ಅಕ್ಕನ ಕುರ್ಚಿಯಲ್ಲಿ ಕೂತ. ದೀಪ ಹಾಕಲಿಲ್ಲ. ಬೆಳಕು ಕಿಟಕಿಯ ಅಂಚಿನಲ್ಲಿ ಬೆಳ್ಳಗಾಗುತ್ತಿತ್ತು. ಕುರ್ಚಿಯ ಕೈಗೆ ಅಲ್ಲಲ್ಲಿ ದಾರ ಸುತ್ತಿ ಗಂಟು ಹಾಕಿತ್ತು, ಮೇಜಿನ ಮೂಲೆಗೂ ಹಾಗೆಯೇ. ಯಾಕೆಂದು ತಿಳಿಯಲಿಲ್ಲ.

ಆರು ಹತ್ತು. ಜೇಬಿನಲ್ಲಿ ಟಿಣ್. ಕಣ್ಣೆದುರಿಗೇ ಬೀಗ ಗರ್ರೆಂದು ತಾನಾಗಿ ಹೊರಳಿತು.

ಆಚೆ ಯಾರೂ ಇರಲಿಲ್ಲ. ಈಚೆ ಅವನೊಬ್ಬನೇ. ಕೈಯಿಲ್ಲದೆ ಬೀಗ ತೆರೆಯುವುದಿಲ್ಲ ಎಂಬುದು ಅವನ ಜೀವಮಾನದ ಲೆಕ್ಕ. ಅದಕ್ಕೇ ನಾಲ್ಕು ದಿನದಿಂದ ಅವನು ಒಂದು ಕೈಯನ್ನು ಹುಡುಕುತ್ತಿದ್ದ. ಕೈಯೇ ಇಲ್ಲ ಎಂಬುದು ಬೀಗದ ಗಂಧ ತಿಳಿಯದ ಯಾರಿಗಾದರೂ ಹೊಳೆದೀತು, ಅವನಿಗೆ ಹೊಳೆದಿರಲಿಲ್ಲ.

ಐದು ನಿಮಿಷದಲ್ಲಿ ಮೆಟ್ಟಿಲ ಮೇಲೆ ಹೆಜ್ಜೆ ಸದ್ದಾಯಿತು. ಹೊಲಿಗೆಯಮ್ಮ ಬಾಗಿಲು ನೂಕಿ ಒಳಗೆ ಬಂದಳು. ಕಂಕುಳಲ್ಲಿ ನೀಲಿ ರಟ್ಟಿನ ಪುಸ್ತಕ.

“ಸಿಕ್ಕಿಬಿದ್ದೆಯಲ್ಲ!” ಎಂದು ಅವನು ಎದ್ದು ನಿಂತ.

ಅವಳು ಬೆಚ್ಚಿ ಗೋಡೆಗೆ ಆತುಕೊಂಡಳು. ಆದರೆ ಪುಸ್ತಕವನ್ನು ಬಚ್ಚಿಡಲಿಲ್ಲ.

“ಎಷ್ಟು ಹಾಳೆ ಓದಿದೆ? ನಿಜ ಹೇಳು.”

“ಎಲ್ಲಾ ಓದಿದ್ದೀನಿ ಅಣ್ಣಾ,” ಎಂದಳು. ಅವಳ ದನಿ ನಡುಗಲಿಲ್ಲ. “ಎರಡು ವರ್ಷದಿಂದ ದಿನಾ ಓದ್ತಾ ಇದ್ದವಳು ನಾನೇ. ಅಕ್ಕನಿಗೆ ಕಣ್ಣು ಎಲ್ಲಿತ್ತು?”

“ಏನಂದೆ?”

“ಕೀಲಿ ಯಾಕೆ ಕಳೀತಿತ್ತು ಅಂದ್ಕೊಂಡ್ರಿ? ಕಾಣ್ತಾ ಇರಲಿಲ್ಲ. ಆಮೇಲೆ ಅಂಕಿನೂ ಕಾಣಲಿಲ್ಲ. ಬೀಗದ ಕಂಪನಿಯವರನ್ನೇ ಕೇಳಿ, ಆರು ಹತ್ತರಿಂದ ಏಳರವರೆಗೆ ತಾನೇ ತೆರೆದುಕೊಂಡು ಇರೋ ಹಾಗೆ ಮಾಡಿಸಿದ್ವಿ. ನಾನು ಬಂದು ಓದೋಕೆ. ಯಾರಾದ್ರೂ ಕಷ್ಟ ಹೇಳ್ಕೊಳ್ಳೋಕೆ ಬಂದ್ರೆ ಬರೆಯೋಕೆ. ‘ತಮ್ಮನಿಗೆ ಹೇಳಬೇಡ, ಗೊತ್ತಾದ್ರೆ ಎತ್ತಿಕೊಂಡು ಹೋಗಿ ಅವನ ಮನೇಲಿ ಕೂರಿಸ್ತಾನೆ, ಇಲ್ಲಿಗೆ ಬರೋ ಜನ ಎಲ್ಲಿಗೆ ಹೋಗ್ತಾರೆ’ ಅಂತ ಮಾತು ತಗೊಂಡಿದ್ರು.”

ಅವನು ಕುರ್ಚಿಯ ಕೈಯ ಮೇಲೆ, ಅಕ್ಕ ತಡವಿ ಗುರುತು ಹಿಡಿಯಲೆಂದು ಕಟ್ಟಿದ್ದ ದಾರದ ಗಂಟನ್ನು ಮುಟ್ಟಿದ. ಭಾನುವಾರಗಳಲ್ಲಿ ಅಕ್ಕ ತನ್ನ ಮುಖವನ್ನು ಎರಡೂ ಕೈಯಲ್ಲಿ ಹಿಡಿದು, ಅಂಗಿಯ ಮೇಲೆ ಕೈಯಾಡಿಸಿ, “ಗುಂಡಿ ಹೋಗಿದೆಯಲ್ಲೋ,” ಎನ್ನುತ್ತಿದ್ದಳು. ವಯಸ್ಸಾದ ಹಾಗೆ ಪ್ರೀತಿ ಹೆಚ್ಚಾಗಿದೆ ಎಂದುಕೊಂಡಿದ್ದ. ಎರಡು ವರ್ಷ ತಾನು ಅಕ್ಕನ ಕ್ಷೇಮಸಮಾಚಾರವೆಂದು ತಿಳಿದದ್ದು ಒಂದು ಯಂತ್ರದ ಕ್ಷೇಮಸಮಾಚಾರ. ಅವಳು ಸತ್ತು ಮಲಗಿದ್ದಾಗಲೂ ಅದು ಚೆನ್ನಾಗಿಯೇ ಇತ್ತು.

“ಪುಸ್ತಕ ಯಾಕೆ ಒಯ್ದೆ?” ಎಂದ. ದನಿಯಲ್ಲಿ ಕಸುವಿರಲಿಲ್ಲ.

“ಅವತ್ತು ಮನೆ ತುಂಬಾ ಜನ. ಡ್ರಾಯರು ತೆರೆದಿತ್ತು. ಯಾರಾದ್ರೂ ಓದಿಬಿಟ್ರೆ ಅಂತ ಎತ್ತಿಟ್ಟೆ. ದಿನಾ ಇಲ್ಲೇ ಬಂದು ಪ್ರಾರ್ಥನೆ ಮಾಡಿ ಹೋಗ್ತಾ ಇದ್ದೆ.”

“ನನಗೆ ಕೊಡಬಹುದಿತ್ತಲ್ಲ.”

“ಪುಸ್ತಕ ನಿಮ್ಮ ಕೈಗೆ ಹೋಗಬೇಕು ಅನ್ನೋದು ನನಗೆ ಗೊತ್ತಿರಲಿಲ್ಲ. ನೀವೂ ಕೇಳಲಿಲ್ಲ. ಅಂಕಿ ಬದಲಾಯಿಸಿದ್ರಿ.”

ಅವನು ನೆಲ ನೋಡುತ್ತಾ ಕೇಳಿದ: “ನನ್ನ ಹಾಳೆ...”

“ಅಕ್ಕ ಮೊದಲು ಓದಿಸ್ತಾ ಇದ್ದದ್ದೇ ಅದನ್ನ.”

ಎರಡು ವರ್ಷದಲ್ಲಿ ಈ ಹೆಂಗಸಿಗೆ ಎಷ್ಟು ಗುಂಡಿ ಹೊಲಿಯಲು ಕೊಟ್ಟಿದ್ದ, ಎಷ್ಟು ಬಾರಿ ಮಗಳು ಅವಳ ಪಕ್ಕದಲ್ಲೇ ಕೂತು ಹರಟೆ ಹೊಡೆದಿದ್ದಳು! ಒಂದು ಮಾತು ಹೊರಗೆ ಬಿದ್ದಿರಲಿಲ್ಲ. ಬೀಗ ಎಂದರೆ ಏನೆಂದು ತನಗೆ ಗೊತ್ತು ಎಂದುಕೊಂಡಿದ್ದನಲ್ಲ ಎಂದು ಅವನಿಗೆ ನಾಚಿಕೆಯಾಯಿತು. ಎರಡೂ ಕೈ ಜೋಡಿಸಿ, “ತಪ್ಪಾಯ್ತು ತಾಯಿ,” ಎಂದ.

“ಅಯ್ಯೋ, ಬಿಡಿ ಅಣ್ಣಾ. ನಿಮ್ಮ ಸ್ವಭಾವ ನನಗೆ ಗೊತ್ತಿಲ್ವಾ? ಹಾಳೆಯಲ್ಲೇ ಬರೆದಿದೆ,” ಎಂದು ಅವಳು ಅಳುತ್ತಲೇ ನಕ್ಕಳು.

ಅಕ್ಕನ ಒಲೆಯಲ್ಲಿ ಪುಸ್ತಕ ಸುಡುವ ಮೊದಲು ಅವನು ಮಗಳನ್ನು ಕರೆಸಿದ. ಪುಸ್ತಕ ಬೂದಿಯಾದರೆ ತನ್ನ ತಪ್ಪೂ ಬೂದಿಯಾಯಿತು ಎಂದು ನೆಮ್ಮದಿಯಾಗಿ ಕೂರಬಹುದಿತ್ತು. ಆ ನೆಮ್ಮದಿಗೇ ಅವನಿಗೆ ಹೆದರಿಕೆಯಾಯಿತು. ಅವಳು ಬಂದು ನಿಂತಾಗ, ಮರದ ಪೆಟ್ಟಿಗೆ, ಕಳ್ಳಗೀಲಿ, ಕಾಗದ ಎಲ್ಲವನ್ನೂ ಒಂದೇ ಉಸಿರಿನಲ್ಲಿ ಹೇಳಿದ.

“ಗೊತ್ತಿತ್ತು ಅಪ್ಪಾ,” ಎಂದು ಅವಳು ಒಲೆಯ ಕಡೆ ನೋಡಿದಳು.

“ಅತ್ತೆ ಹೇಳಿದ್ಲಾ?”

“ಅತ್ತೆ ಯಾಕೆ ಹೇಳ್ತಾರೆ? ಆ ಬೀಗ ಯಾವಾಗಲೂ ಬಿಗಿ ಇರ್ತಿತ್ತು. ಅವತ್ತು ಬಂದು ತೆಗೆದ್ರೆ ಕೀಲಿ ಬೆಣ್ಣೆಯಲ್ಲಿ ಹೋದ ಹಾಗೆ ಹೋಯ್ತು. ಕಳ್ಳತನ ಮಾಡೋಕೆ ಬಂದು ಎಣ್ಣೆ ಹಾಕಿ ಹೋಗೋ ಕಳ್ಳ ನಮ್ಮ ಮನೇಲಿ ನೀವೊಬ್ಬರೇ.”

ಹನ್ನೆರಡು ವರ್ಷ ಅವಳು ಅದನ್ನು ಹೊಟ್ಟೆಯಲ್ಲಿಟ್ಟುಕೊಂಡಿದ್ದಳು. ಅವನಿಗೆ ಅಳು ಬಂತು. ಅವಳು ಅವನ ಪಕ್ಕದಲ್ಲಿ ಕೂತಳು, ಆದರೆ ಪರವಾಗಿಲ್ಲ ಎಂದು ಹೇಳಲಿಲ್ಲ. ಅವನೂ ಅದನ್ನು ಕೇಳಲಿಲ್ಲ. ಮೂವರೂ ಸೇರಿ ನೀಲಿ ಪುಸ್ತಕವನ್ನು ತೆರೆಯದೆ ಬೆಂಕಿಗೆ ಕೊಟ್ಟರು. ರಟ್ಟು ಸುಲಭಕ್ಕೆ ಹತ್ತಿಕೊಳ್ಳಲಿಲ್ಲ. ಕಾದರು.

“ಆ ಟಿಣ್ ನಿಲ್ಲಿಸಿಕೊಡಲಾ?” ಎಂದು ಮಗಳು ಹೊರಡುವಾಗ ಕೇಳಿದಳು.

ಅವನು ಫೋನನ್ನು ತಿರುಗಿಸಿ ಮುರುಗಿಸಿ ನೋಡಿದ. ಅದರ ಮೇಲಿನ ಗುಮಾನಿ ಅವನಿಗೆ ಇಂದಿಗೂ ಹೋಗಿಲ್ಲ. ಅದು ಇನ್ನೂ ಏನೇನು ಕೇಳಿಸಿಕೊಂಡು ಯಾರ್‍ಯಾರಿಗೆ ಹೇಳುತ್ತದೋ ಯಾರು ಬಲ್ಲರು. ಆದರೂ, “ಇರಲಿ ಬಿಡು,” ಎಂದ. ಹೊಸ ಅಂಕಿಯನ್ನು ಮಗಳಿಗೂ ಹೊಲಿಗೆಯಮ್ಮನಿಗೂ ಬಾಯಿಬಿಟ್ಟು ಹೇಳಿದ.

ಮರುದಿನ ಆರು ಹತ್ತಕ್ಕೆ ಟಿಣ್ ಎಂದಾಗ ಅವನು ಪರದೆ ನೋಡಲಿಲ್ಲ. ಚಪ್ಪಲಿ ಮೆಟ್ಟಿಕೊಂಡು ಓಣಿ ದಾಟಿ, ಮೆಟ್ಟಿಲು ಹತ್ತಿ, ತೆರೆದಿದ್ದ ಬಾಗಿಲಿನಿಂದ ಒಳಗೆ ಹೋದ. ಹೊಲಿಗೆಯಮ್ಮ ಆಗಲೇ ಬಂದು ಕೂತಿದ್ದಳು. ಅವನು ಖಾಲಿ ಕುರ್ಚಿಯ ಮುಂದೆ ಮೊಣಕಾಲೂರಿ ಕಣ್ಣು ಮುಚ್ಚಿದ.

ದೇವರೇ, ಯಾವ ಬೀಗವೂ ನಿನ್ನನ್ನು ತಡೆಯದು. ಎಲ್ಲರ ಒಳಗನ್ನೂ ಕಂಡು ಯಾರಿಗೂ ಹೇಳದವನು ನೀನು. ನನ್ನ ಅಕ್ಕ ಕಣ್ಣಿಲ್ಲದೆಯೂ ನಮ್ಮೆಲ್ಲರನ್ನೂ ನೋಡಿಕೊಂಡಳು. ನಾನು ಕಣ್ಣಿದ್ದೂ ಅವಳನ್ನು ನೋಡಲಿಲ್ಲ. ಆ ತಪ್ಪು ನನ್ನ ಮೇಲಿರಲಿ. ಅವಳಿಗೆ ತಡವರಿಸುವ ಕಷ್ಟ ಇನ್ನು ಬೇಡ. ನಿನ್ನ ಬಾಗಿಲನ್ನು ನೀನೇ ತೆರೆದು, ಅವಳನ್ನು ಕೈಹಿಡಿದು ಒಳಗೆ ಕರೆದುಕೊ. ಅವಳ ಆತ್ಮಕ್ಕೆ ಶಾಂತಿ ಕೊಡು.